ತಪ್ಪಾಯ್ತು ಅಂತ ಆಟ ಹೇಳಬೇಕಾ?

ಚಿಕ್ಕಪ್ಪನ ಕೈಗೆ ಮೊದಲ ಸಲ ಪಿಕ್ರಾಸ್ ಅನ್ನುವ, ಸಂಖ್ಯೆ ನೋಡಿ ಚೌಕದ ಮನೆಗಳನ್ನು ತುಂಬುವ ಒಗಟಿನ ವಿಡಿಯೋ ಗೇಮ್ ಕೊಟ್ಟಾಗ ಅವರು ಹೆಚ್ಚೆಂದರೆ ಐದು ನಿಮಿಷ ಆಡಿದರು. ಒಂದು ಮನೆ ತುಂಬಲು ಪರದೆಗೆ ಕಡ್ಡಿ ತಾಗಿಸಿದರು. ಸದ್ದು ಬಂತು. ಮನೆ ತುಂಬಲಿಲ್ಲ. ಗಡಿಯಾರಕ್ಕೆ ಮಾತ್ರ ಒಂದಷ್ಟು ನಿಮಿಷ ಸೇರಿಕೊಂಡಿತು. ಅವರು ಡಿಎಸ್ ಅನ್ನು, ಅಂದರೆ ಕೈಯಲ್ಲಿ ಹಿಡಿದು ಆಡುವ ಆ ನಿಂಟೆಂಡೊ ಯಂತ್ರವನ್ನು, ತೊಡೆಯ ಮೇಲಿಟ್ಟು ನನ್ನ ಕಡೆ ನೋಡಿದರು. "ತಪ್ಪೋ ಸರಿಯೋ ಅಂತ ನಾನು ಕೇಳಿದ್ನಾ ಇದನ್ನ?" ಅಂದರು.

ಚಿಕ್ಕಪ್ಪ ವರ್ಷಗಳಿಂದ ಇದೇ ಒಗಟನ್ನು ಕಾಗದದ ಮೇಲೆ ಬಿಡಿಸುತ್ತಾ ಬಂದವರು. ಪೆನ್ಸಿಲ್, ರಬ್ಬರ್, ಒಂದು ಅಡಿಪಟ್ಟಿ, ಅಷ್ಟೇ. ತಪ್ಪಾಗಿದೆ ಅಂತ ಅವರಿಗೆ ಗೊತ್ತಾಗುವುದು ಎಷ್ಟೋ ಹೊತ್ತಿನ ಮೇಲೆ, ಒಂದು ಸಾಲು ಇನ್ನೊಂದಕ್ಕೆ ತಾಳೆಯಾಗದೇ ಹೋದಾಗ. ಆಮೇಲೆ ಅವರೇ ಹಿಂದೆ ಹೋಗಿ ಹುಡುಕಬೇಕು. ಆ ಹುಡುಕಾಟವೂ ಅವರಿಗೆ ಆಟವೇ. ಯಂತ್ರ ಅದನ್ನು ಅವರ ಕೈಯಿಂದ ಕಿತ್ತುಕೊಂಡಿತ್ತು.

ಆವತ್ತು ನನಗೆ ಅವರ ಸಿಟ್ಟು ಅರ್ಥವಾಗಲಿಲ್ಲ. ತಪ್ಪನ್ನು ತಕ್ಷಣ ಹೇಳಿದರೆ ಒಳ್ಳೆಯದೇ ಅಲ್ವಾ ಅಂತ ಅಂದುಕೊಂಡಿದ್ದೆ. ಆಮೇಲೆ ಈ ಆಟವನ್ನು ನೂರಾರು ಗಂಟೆ ಆಡಿದ್ದೇನೆ. ಆಡುವ ಬೇರೆಯವರ ಮಾತನ್ನೂ ಕೇಳಿದ್ದೇನೆ. ಪಿಕ್ರಾಸ್ ಬಗ್ಗೆ ಜನರ ಅಭಿಪ್ರಾಯ ಒಂದಕ್ಕೊಂದು ಸೇರುವುದೇ ಇಲ್ಲ. ಒಬ್ಬರು ತೀರಾ ಸುಲಭ ಅನ್ನುತ್ತಾರೆ. ಇನ್ನೊಬ್ಬರಿಗೆ ಇದು ಕರುಣೆಯೇ ಇಲ್ಲದ ಆಟ. ಮನಸ್ಸು ಶಾಂತವಾಗುತ್ತದೆ ಅನ್ನುವವರಿದ್ದಾರೆ, ಎದೆ ಹೊಡೆದುಕೊಳ್ಳುತ್ತದೆ ಅನ್ನುವವರೂ ಇದ್ದಾರೆ. ಎಲ್ಲರೂ ಆಡುತ್ತಿರುವುದು ಒಂದೇ ಒಗಟು. ಕೆದಕಿ ಕೇಳಿದರೆ ವ್ಯತ್ಯಾಸ ಹೆಚ್ಚಾಗಿ ಒಂದೇ ಕಡೆ ಬಂದು ನಿಲ್ಲುತ್ತದೆ: ಅವರು ಆಡಿದ ಆಟ ತಪ್ಪನ್ನು ಹೇಳುತ್ತಿತ್ತಾ, ಇಲ್ಲವಾ?

ಗೊತ್ತಿಲ್ಲದವರಿಗೆ ಆಟವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಚೌಕಗಳ ಒಂದು ಹಾಸು ಇರುತ್ತದೆ. ಪ್ರತಿ ಅಡ್ಡಸಾಲಿನ ಎಡಕ್ಕೆ, ಪ್ರತಿ ಕಂಬಸಾಲಿನ ತಲೆಯ ಮೇಲೆ ಸಂಖ್ಯೆಗಳಿರುತ್ತವೆ. "4 2" ಅಂತ ಇದ್ದರೆ ಆ ಸಾಲಿನಲ್ಲಿ ಎಲ್ಲೋ ಒಂದು ಕಡೆ ನಾಲ್ಕು ಮನೆ ಒಟ್ಟಿಗೆ ತುಂಬಿವೆ, ಆಮೇಲೆ ಕನಿಷ್ಠ ಒಂದು ಮನೆ ಖಾಲಿ, ಅದಾದ ಮೇಲೆ ಎಲ್ಲೋ ಎರಡು ಮನೆ ತುಂಬಿವೆ ಎಂದರ್ಥ. ಎಲ್ಲಿಂದ ಶುರು ಅನ್ನುವುದನ್ನು ನಾವೇ ಕಂಡುಹಿಡಿಯಬೇಕು. ಖಾಲಿ ಅಂತ ಖಚಿತವಾದ ಮನೆಗೆ ಇಂಟು ಮಾರ್ಕ್ ಹಾಕಿಕೊಳ್ಳುತ್ತೇವೆ. ಎಲ್ಲ ಸಾಲುಗಳೂ ತಾಳೆಯಾದಾಗ ಒಂದು ಚಿತ್ರ ಮೂಡುತ್ತದೆ.

ಇದರ ರುಚಿ ಹತ್ತುವುದು ಮೊದಲ ಲೆಕ್ಕದಲ್ಲೇ. ಹತ್ತು ಮನೆಯ ಸಾಲಿಗೆ 8 ಅಂತ ಕೊಟ್ಟಿದ್ದಾರೆ ಅಂದುಕೊಳ್ಳಿ. ಎಡ ತುದಿಯಿಂದ ಶುರು ಮಾಡಿದರೆ 1ರಿಂದ 8ರವರೆಗೆ ತುಂಬುತ್ತದೆ. ಬಲ ತುದಿಗೆ ತಳ್ಳಿದರೆ 3ರಿಂದ 10ರವರೆಗೆ. ಹೇಗೆ ಇಟ್ಟರೂ 3ರಿಂದ 8ರವರೆಗಿನ ಆರು ಮನೆ ತುಂಬಲೇಬೇಕು. ಅಷ್ಟು ಹೊತ್ತಿಗೆ ಸಾಲಿನ ಉತ್ತರ ಗೊತ್ತಾಗಿರುವುದಿಲ್ಲ. ಆದರೂ ಆರು ಮನೆ ಕೈಗೆ ಸಿಕ್ಕಿರುತ್ತವೆ. ಪೂರ್ತಿ ಗೊತ್ತಿಲ್ಲದಿದ್ದರೂ ಇಷ್ಟಂತೂ ನಿಜ ಅಂತ ಹೇಳಬಹುದಾದ ಆ ಸ್ಥಿತಿ ನನಗೆ ತುಂಬಾ ಇಷ್ಟ. ಬೇರೆ ಯಾವ ಆಟದಲ್ಲೂ ಅದು ನನಗೆ ಇಷ್ಟು ಸ್ಪಷ್ಟವಾಗಿ ಸಿಕ್ಕಿಲ್ಲ.

ಇದು ಹುಟ್ಟಿದ್ದು ವಿಡಿಯೋ ಗೇಮ್ ಆಗಿ ಅಲ್ಲ. 1987ರಲ್ಲಿ ಟೋಕಿಯೋದಲ್ಲಿ ನಡೆದ ಒಂದು ಸ್ಪರ್ಧೆಯಲ್ಲಿ ನಾನ್ ಇಶಿದಾ ಎಂಬ ಕಲಾವಿದೆ ಎತ್ತರದ ಕಟ್ಟಡದ ಕಿಟಕಿ ದೀಪಗಳನ್ನು ಹಚ್ಚಿ, ಆರಿಸಿ ಚಿತ್ರ ಬರೆದು ಬಹುಮಾನ ಗೆದ್ದರು. ಅದೇ ಮುಂದೆ ಒಗಟಾಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ತೆತ್ಸುಯಾ ನಿಶಿಯೋ ಎಂಬ ಒಗಟುಗಾರರು ತಾವೇ ಬೇರೆಯಾಗಿ ಇಂಥದ್ದೇ ಒಗಟನ್ನು ಮಾಡಿದ್ದರು. 1990ರಲ್ಲಿ ಬ್ರಿಟನ್ನಿನ ಸಂಡೇ ಟೆಲಿಗ್ರಾಫ್ ಪತ್ರಿಕೆಯಲ್ಲಿ ಇದು ವಾರ ವಾರ ಬರತೊಡಗಿತು. ಜೇಮ್ಸ್ ಡಾಲ್ಗೆಟಿ ಎಂಬುವವರು ಇಶಿದಾ ಅವರ ಹೆಸರನ್ನೇ ಸೇರಿಸಿ ನಾನೋಗ್ರಾಮ್ ಅಂತ ಕರೆದರು. ಇಷ್ಟೂ ದಿನ ಕಾಗದ ಸುಮ್ಮನಿತ್ತು. ನೀವು ಏನು ಬರೆದರೂ ಕಾಗದ ಬರೆಸಿಕೊಳ್ಳುತ್ತದೆ.

1995ರಲ್ಲಿ ನಿಂಟೆಂಡೊ ಕಂಪನಿಯ ಹಳೆಯ ಕೈಯಂತ್ರ ಗೇಮ್ ಬಾಯ್‌ಗೆ ಮಾರಿಯೋಸ್ ಪಿಕ್ರಾಸ್ ಬಂತು. ಒಗಟಿಗೆ ಬಾಯಿ ಬಂದಿದ್ದು ಅಲ್ಲಿ.

ಗೇಮ್ ಬಾಯ್ ಪರದೆ 160 ಅಡ್ಡ, 144 ಉದ್ದ ಚುಕ್ಕಿಗಳದ್ದು. ಅದರಲ್ಲೇ ಸಂಖ್ಯೆಗಳಿಗೂ ಜಾಗ ಬೇಕು. ಹಾಗಾಗಿ ಅಲ್ಲಿನ ಅತಿ ದೊಡ್ಡ ಒಗಟು 15ಕ್ಕೆ 15. ಶುರುವಿನಲ್ಲಿ 30 ನಿಮಿಷ ಕೊಡುತ್ತಾರೆ. ತಪ್ಪು ಮನೆ ತುಂಬಿದರೆ ಮೊದಲ ಸಲ 2 ನಿಮಿಷ ಹೋಗುತ್ತದೆ. ಎರಡನೇ ಸಲ 4. ಮೂರನೇ ಸಲ 8. ಅಲ್ಲಿಂದ ಮುಂದೆ ಪ್ರತಿ ಸಲವೂ 8. ಕೂಡಿ ನೋಡಿ: 2, 4, 8, 8, 8. ಸರಿಯಾಗಿ 30. ಒಂದು ಕ್ಷಣವೂ ಯೋಚಿಸದೆ ಆಡಿದರೂ ಐದನೇ ತಪ್ಪಿಗೆ ಆಟ ಮುಗಿಯುತ್ತದೆ. 2009ರಲ್ಲಿ ಜಪಾನಿನಲ್ಲಿ ಬಂದ ಪಿಕ್ರಾಸ್ 3ಡಿಯಲ್ಲೂ ಐದು ತಪ್ಪಿಗೆ ಒಗಟು ಕೈತಪ್ಪುತ್ತದೆ.

ಇದನ್ನು ಆಡಿದವರಲ್ಲಿ ಕೆಲವರು ಕ್ರೂರ ಅನ್ನುತ್ತಾರೆ. ಅವರ ಕಾರಣ ನನಗೆ ಗೊತ್ತು. ಆಗಲೇ ಎರಡು ತಪ್ಪಾಗಿ, 20 ನಿಮಿಷ ಕೂತು, ಇನ್ನು ಹತ್ತೇ ಮನೆ ಇದೆ ಅನ್ನುವಾಗ ಬೆರಳು ಜಾರಿ ಒಂದು ಮನೆ ಆಚೆ ಬಿದ್ದರೆ ಎಂಟು ನಿಮಿಷ ಹೋಗಿ ಎಲ್ಲವೂ ಮುಗಿಯುತ್ತದೆ. ತಲೆ ಸರಿಯಾಗಿಯೇ ಯೋಚಿಸಿತ್ತು, ಬೆರಳು ತಪ್ಪಿತು. ಯಂತ್ರಕ್ಕೆ ಎರಡೂ ಒಂದೇ. ಡಿಎಸ್‌ನಲ್ಲಿ ಕಡ್ಡಿಯಿಂದ ಆಡುವಾಗಲೂ ಇದೇ ದೂರು. ದೊಡ್ಡ ಒಗಟಿನಲ್ಲಿ ಮನೆಗಳು ಇರುವೆಯಷ್ಟು ಚಿಕ್ಕದಾಗುತ್ತವೆ. ಪಕ್ಕದ ಮನೆಗೆ ತಾಗುವುದು ಸಹಜ. ಈ ದೂರನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೈ ತಪ್ಪಿಗೂ ಬುದ್ಧಿ ತಪ್ಪಿಗೂ ಒಂದೇ ದಂಡ ಹಾಕುವುದು ನ್ಯಾಯವಲ್ಲ.

ಆದರೆ ನನ್ನ ತಕರಾರು ಇದಕ್ಕೆ ಉಲ್ಟಾ. ಈ ದಂಡ ಕ್ರೂರ ಅಲ್ಲ. ಇದು ತೀರಾ ಅಗ್ಗ.

ಯೋಚಿಸಿ ನೋಡಿ. ನಾನು ಸಿಕ್ಕಿಹಾಕಿಕೊಂಡಿದ್ದೇನೆ. ಎರಡು ಮನೆಗಳಲ್ಲಿ ಒಂದು ತುಂಬಿದೆ, ಯಾವುದು ಅಂತ ಗೊತ್ತಿಲ್ಲ. ಸುಮ್ನೆ ಒಂದನ್ನು ಒತ್ತುತ್ತೇನೆ. ಸರಿಯಾದರೆ ಬಿಟ್ಟಿಯಾಗಿ ಒಂದು ಸತ್ಯ ಸಿಕ್ಕಿತು. ತಪ್ಪಾದರೆ 2 ನಿಮಿಷ ಹೋಯಿತು, ಆದರೆ ಆಗಲೂ ಸತ್ಯ ಸಿಕ್ಕಿತು. ಈ ಮನೆ ಅಲ್ಲ ಅಂದಮೇಲೆ ಆ ಮನೆ. ಅದು ಗೊತ್ತಾದ ಕೂಡಲೇ ಆ ಸಾಲು ಬಿಚ್ಚಿಕೊಳ್ಳುತ್ತದೆ, ಅದರಿಂದ ಇನ್ನೂ ಮೂರು ಕಂಬಸಾಲು ಬಿಚ್ಚಿಕೊಳ್ಳುತ್ತವೆ. ಎರಡು ನಿಮಿಷಕ್ಕೆ ಇಷ್ಟು ಸಿಗುತ್ತದೆ ಅಂದರೆ ಅದು ದಂಡ ಅಲ್ಲ, ಬೆಲೆ. ಆಟ ನಮಗೆ ಉತ್ತರ ಮಾರುತ್ತಿದೆ.

ನನ್ನ ಮೊದಲ ನೂರು ಒಗಟುಗಳನ್ನು ನಾನು ಹೀಗೆಯೇ ಕೊಂಡುಕೊಂಡೆ. ಆಗ ಅದು ತಿಳಿಯಲಿಲ್ಲ. ಬಿಡಿಸುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಒಂದು ದಿನ ಡಿಎಸ್ ಪಿಕ್ರಾಸ್‌ನಲ್ಲಿ ಫ್ರೀ ಮೋಡ್ ಅನ್ನುವುದನ್ನು ತೆರೆದೆ. ಅಲ್ಲಿ ತಪ್ಪು ಮಾಡಿದರೆ ಆಟ ಏನನ್ನೂ ಹೇಳುವುದಿಲ್ಲ. ದಂಡವೂ ಇಲ್ಲ. ಕಾಗದದ ಹಾಗೆ ಸುಮ್ಮನಿರುತ್ತದೆ. ಹತ್ತು ನಿಮಿಷದಲ್ಲಿ ನನ್ನ ಒಗಟು ಗೋಜಲಾಗಿ ಹೋಯಿತು. ಮತ್ತೆ ಶುರು ಮಾಡಿದೆ, ಮತ್ತೆ ಹಾಗೇ ಆಯಿತು. ನೂರು ಒಗಟು ಮುಗಿಸಿದವನಿಗೆ ಒಗಟು ಬಿಡಿಸಲು ಬರುತ್ತಿರಲಿಲ್ಲ. ಆವತ್ತು ನನಗೆ ಚಿಕ್ಕಪ್ಪನ ಪ್ರಶ್ನೆ ನೆನಪಾಯಿತು.

ಮೊದಲಿಗೆ ನನಗೆ ಕಾಣಿಸಿದ್ದು, ಹೇಳುವ ಆಟದಲ್ಲಿ ನಾನು "ಇದು ಖಚಿತವಾ?" ಅಂತ ನನ್ನನ್ನು ಕೇಳಿಕೊಳ್ಳುತ್ತಲೇ ಇರಲಿಲ್ಲ ಅನ್ನುವುದು. ಮುಕ್ಕಾಲು ಪಾಲು ಖಚಿತವಾದರೆ ಒತ್ತಿಬಿಡುತ್ತಿದ್ದೆ. ಉಳಿದ ಕಾಲು ಭಾಗವನ್ನು ಯಂತ್ರ ನೋಡಿಕೊಳ್ಳುತ್ತಿತ್ತು. ಸುಮ್ಮನಿರುವ ಆಟದಲ್ಲಿ ಆ ಕಾಲು ಭಾಗಕ್ಕೆ ಗ್ಯಾರಂಟಿ ಕೊಡುವವರು ಯಾರೂ ಇಲ್ಲ. ಒತ್ತುವ ಮೊದಲು ಬೆರಳು ನಿಲ್ಲುತ್ತದೆ. ಯಾಕೆ ಇಲ್ಲಿ? ಎಡಕ್ಕೆ ಸರಿದರೆ ಏನಾಗುತ್ತದೆ? ಬಲಕ್ಕೆ ಸರಿದರೆ? ಎರಡೂ ಕಡೆಯಿಂದ ಎಣಿಸಿ, ಎರಡಕ್ಕೂ ಇದೇ ಮನೆ ಬಂದರೆ ಮಾತ್ರ ತುಂಬುವುದು. ಕೆಲಸ ನಿಧಾನವಾಯಿತು. ಅದರ ಜೊತೆಗೆ ಒಂದು ಬಗೆಯ ನೆಮ್ಮದಿಯೂ ಬಂತು. ಹಾಸಿನ ಮೇಲಿರುವ ಪ್ರತಿ ಕಪ್ಪು ಮನೆಗೂ ನನ್ನ ಹತ್ತಿರ ಕಾರಣ ಇತ್ತು.

ಅದೇ 1995ರಲ್ಲಿ ಸೂಪರ್ ಫ್ಯಾಮಿಕಾಮ್‌ಗೆ ಮಾರಿಯೋಸ್ ಸೂಪರ್ ಪಿಕ್ರಾಸ್ ಬಂತು. ಸೂಪರ್ ಫ್ಯಾಮಿಕಾಮ್ ಕೈಯಲ್ಲಿ ಹಿಡಿದು ಆಡುವ ಯಂತ್ರವಲ್ಲ, ಟಿವಿಗೆ ಜೋಡಿಸುವ ನಿಂಟೆಂಡೊ ಯಂತ್ರ. ಆದರೂ ಈ ಆಟದ ಬಗ್ಗೆ ಇಲ್ಲಿ ಹೇಳಲೇಬೇಕು. ಅದರಲ್ಲಿ ಒಗಟುಗಳು ಎರಡು ಪಾಲು. ಮಾರಿಯೋ ಕಡೆಯವು ತಪ್ಪನ್ನು ತೋರಿಸಿ ಸಮಯ ಕಳೆಯುತ್ತವೆ. ವಾರಿಯೋ ಕಡೆಯವು ಏನನ್ನೂ ಹೇಳುವುದಿಲ್ಲ, ಅಲ್ಲಿ ಸಮಯದ ಮಿತಿಯೂ ಇಲ್ಲ. ಆ ಕಾಲಕ್ಕೆ ಅದು ಜಪಾನ್ ಬಿಟ್ಟು ಹೊರಗೆ ಹೋಗಲಿಲ್ಲ. ಗೇಮ್ ಬಾಯ್ ಆಟ ಹೊರಗಡೆ ಅಷ್ಟಾಗಿ ಮಾರಾಟವಾಗದೇ ಇದ್ದದ್ದು ಅದಕ್ಕೆ ಕಾರಣ. 2020ರಲ್ಲಿ ನಿಂಟೆಂಡೊದ ಇನ್ನೊಂದು ಯಂತ್ರವಾದ ಸ್ವಿಚ್‌ನ ಆನ್‌ಲೈನ್ ಸಂಗ್ರಹಕ್ಕೆ ಅದು ಸೇರಿದಾಗ, ಜಪಾನಿ ಬರಹವನ್ನು ಹಾಗೆಯೇ ಇಟ್ಟುಕೊಂಡು ಬಂದ ಆ ಆಟವನ್ನು ನಾನೂ ಆಡಿದೆ. ಅಕ್ಷರ ಒಂದೂ ಓದಲು ಬಾರದಿದ್ದರೂ ತೊಂದರೆಯಾಗಲಿಲ್ಲ. ಸಂಖ್ಯೆಗಳು ಅವೇ ತಾನೇ.

ಅಲ್ಲಿ ನನಗೆ ಹಿಡಿಸಿದ್ದು ಪಾತ್ರ ಹಂಚಿಕೆ. ಒಳ್ಳೆಯವನಾದ ಮಾರಿಯೋ ಹೆಜ್ಜೆಹೆಜ್ಜೆಗೂ ತಪ್ಪು ಹಿಡಿಯುತ್ತಾನೆ. ಕೆಟ್ಟವನಾದ ವಾರಿಯೋ ನಿಮ್ಮ ಪಾಡಿಗೆ ನಿಮ್ಮನ್ನು ಬಿಡುತ್ತಾನೆ. ಮಾಡಿದವರ ಲೆಕ್ಕದಲ್ಲಿ ಮೌನವೇ ಕಷ್ಟದ್ದು, ಅದಕ್ಕೇ ಅದನ್ನು ವಾರಿಯೋಗೆ ಕೊಟ್ಟಿರಬೇಕು. ಆದರೆ ಆಡುವಾಗ ನನಗೆ ಅನಿಸಿದ್ದು ಬೇರೆ. ವಾರಿಯೋ ನನ್ನನ್ನು ನಂಬಿದ್ದ.

ಇದನ್ನು ನಾನು ತುಂಬಾ ಉತ್ಸಾಹದಿಂದ ಅಕ್ಕನಿಗೆ ಹೇಳಿದೆ. ಅವಳೂ ಪಿಕ್ರಾಸ್ ಆಡುತ್ತಾಳೆ, ನನಗಿಂತ ಜಾಸ್ತಿ. ಅವಳು ಯಾವಾಗಲೂ ತಪ್ಪು ತೋರಿಸುವ ಆಯ್ಕೆಯನ್ನೇ ಹಾಕಿಕೊಂಡಿರುತ್ತಾಳೆ. ನಾನು ಹೇಳಿದ್ದನ್ನೆಲ್ಲ ಕೇಳಿ ಅವಳು ಕೊಟ್ಟ ಉತ್ತರಕ್ಕೆ ಈಗಲೂ ನನ್ನ ಹತ್ತಿರ ಪೂರ್ತಿ ಜವಾಬಿಲ್ಲ.

ಅವಳು ಆಗ ಎಂಟು ತಿಂಗಳ ಮಗುವಿನ ತಾಯಿ. "ನೀನು ಕೂತ ಕಡೆ ಒಂದು ಗಂಟೆ ಆಡ್ತೀಯ," ಅಂದಳು. "ನನಗೆ ಸಿಗೋದು ಹತ್ತು ನಿಮಿಷ. ಕೆಲವು ಸಲ ನಾಲ್ಕು. ಮಗು ಎದ್ದರೆ ಅರ್ಧದಲ್ಲೇ ಬಿಟ್ಟು ಹೋಗಬೇಕು. ವಾಪಸ್ ಬಂದಾಗ ನಾನು ಏನು ಯೋಚಿಸ್ತಾ ಇದ್ದೆ ಅನ್ನೋದೇ ನೆನಪಿರಲ್ಲ. ಆಗ ಬೋರ್ಡ್ ಮೇಲೆ ಇರೋದೆಲ್ಲ ನಿಜ ಅಂತ ಗೊತ್ತಿದ್ದರೆ ಮುಂದೆ ಹೋಗಬಹುದು. ಇಲ್ಲದಿದ್ದರೆ ಪ್ರತಿ ಸಲ ಮೊದಲಿಂದ ಅನುಮಾನ ಪಡ್ತಾ ಕೂರಬೇಕು."

ನಾನು ಇದನ್ನು ಈ ಕಡೆಯಿಂದ ಯೋಚಿಸಿಯೇ ಇರಲಿಲ್ಲ. ನನಗೆ ತಪ್ಪು ತೋರಿಸುವುದು ಅಂದರೆ ಉತ್ತರ ಮಾರುವುದು. ಅವಳಿಗೆ ಅದು ಅವಳ ನೆನಪನ್ನು ಕಾಯುವ ಕಾವಲು. ಅವಳು ಊಹೆ ಮಾಡಿ ಒತ್ತುವವಳಲ್ಲ. ಅವಳು ಆಡುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಎರಡು ಕಡೆಯಿಂದಲೂ ಎಣಿಸಿಯೇ ಒತ್ತುತ್ತಾಳೆ. ಆಯ್ಕೆ ಹಾಕಿಕೊಂಡಿದ್ದರೂ ಅವಳಿಗೆ ದಂಡ ಬೀಳುವುದು ಅಪರೂಪ. ಅದೇ ಸೌಲಭ್ಯ, ಇಬ್ಬರ ಕೈಯಲ್ಲಿ ಎರಡು ಬೇರೆ ಆಟ. ಹಾಗಾದರೆ ದೋಷ ಆಯ್ಕೆಯಲ್ಲಿ ಇತ್ತಾ, ನನ್ನ ಬೆರಳಿನಲ್ಲಿ ಇತ್ತಾ?

ಗೆಳೆಯನೊಬ್ಬನದ್ದು ಇನ್ನೊಂದೇ ದಾರಿ. ಅವನು ಆಡುವುದು ಗಡಿಯಾರದ ಜೊತೆ. 10ಕ್ಕೆ 10ರ ಒಗಟನ್ನು ಎಷ್ಟು ಸೆಕೆಂಡಿನಲ್ಲಿ ಮುಗಿಸಿದೆ ಅನ್ನುವುದೇ ಅವನಿಗೆ ಮುಖ್ಯ. ಅವನ ಪ್ರಕಾರ ದಂಡ ಇರಲೇಬೇಕು, ಇಲ್ಲದಿದ್ದರೆ ವೇಗಕ್ಕೆ ಅರ್ಥವಿಲ್ಲ. ಓಟದಲ್ಲಿ ಗೆರೆ ದಾಟಿದರೆ ಹೊರಗೆ ಹಾಕುವುದಿಲ್ಲವಾ ಅನ್ನುತ್ತಾನೆ. ಅದೂ ಸರಿಯೇ. ನನಗೆ ಮಾತ್ರ ಈ ಒಗಟನ್ನು ಓಡಿಕೊಂಡು ಬಿಡಿಸುವುದು ಇಷ್ಟವಿಲ್ಲ.

ಈಚಿನ ಆಟಗಳು ಜಗಳವನ್ನು ಬೇರೆ ಕಡೆಗೆ ತಿರುಗಿಸಿವೆ. 2017ರಲ್ಲಿ ಸ್ವಿಚ್‌ಗೆ ಪಿಕ್ರಾಸ್ ಎಸ್ ಬಂತು. ಒಗಟು ಶುರು ಮಾಡುವ ಮೊದಲೇ ಅಲ್ಲಿ ಕೇಳುತ್ತಾರೆ, ಯಾವ ಯಾವ ಸಹಾಯ ಬೇಕು ಅಂತ. ತಪ್ಪನ್ನು ತಾನೇ ತಿದ್ದುವುದು ಒಂದು. ಶುರುವಿನಲ್ಲಿ ಚಕ್ರ ತಿರುಗಿಸಿ ಒಂದು ಅಡ್ಡಸಾಲು, ಒಂದು ಕಂಬಸಾಲನ್ನು ತೆರೆದು ತೋರಿಸುವುದು ಇನ್ನೊಂದು. ಮೂರನೆಯದು ಸಂಖ್ಯೆಗಳ ಬಣ್ಣ. ಯಾವ ಸಾಲಿನಲ್ಲಿ ಈಗ ಏನಾದರೂ ಹೊಸದಾಗಿ ಕಂಡುಹಿಡಿಯಬಹುದೋ ಆ ಸಾಲಿನ ಸಂಖ್ಯೆ ಬಣ್ಣ ಬದಲಿಸಿ ಕಾಣಿಸುತ್ತದೆ.

ಆಡುವವರಲ್ಲಿ ಹೆಚ್ಚಿನವರು ಈ ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇನು, ಉತ್ತರ ಹೇಳುವುದಿಲ್ಲವಲ್ಲ ಅನ್ನುತ್ತಾರೆ. ನನಗೆ ಅದೇ ಎಲ್ಲಕ್ಕಿಂತ ದೊಡ್ಡ ಸಹಾಯ ಅನಿಸುತ್ತದೆ. 15 ಅಡ್ಡಸಾಲು, 15 ಕಂಬಸಾಲು ಇರುವ ಒಗಟಿನಲ್ಲಿ ಒಂದು ಸಾಲನ್ನು ಎಣಿಸುವುದು ಕಷ್ಟವಲ್ಲ. ಮೂವತ್ತರಲ್ಲಿ ಯಾವ ಸಾಲಿಗೆ ಈಗ ಮಾತಾಡಲು ಇದೆ ಅಂತ ಗುರುತಿಸುವುದು ಕಷ್ಟ. ಆ ಗುರುತಿಸುವಿಕೆ ನಿಧಾನವಾಗಿ ಕಣ್ಣಿಗೆ ಬರುತ್ತದೆ. ದೊಡ್ಡ ಸಂಖ್ಯೆ ಇರುವ ಸಾಲು, ತುದಿಗೆ ಅಂಟಿದ ಕಪ್ಪು ಮನೆ, ಇಂಟು ಮಾರ್ಕುಗಳ ನಡುವೆ ಸಿಕ್ಕಿಕೊಂಡ ಚಿಕ್ಕ ಜಾಗ. ಇವನ್ನು ಕಣ್ಣು ತಾನೇ ಹುಡುಕಲು ಕಲಿಯುತ್ತದೆ. ಬಣ್ಣ ಆ ಕೆಲಸವನ್ನು ಪೂರ್ತಿ ತೆಗೆದುಕೊಂಡುಬಿಡುತ್ತದೆ. ಆಮೇಲೆ ಉಳಿಯುವುದು ಬರೀ ಎಣಿಕೆ. ಪಿಕ್ರಾಸ್ ಬೋರು, ಯಂತ್ರದ ಹಾಗೆ ಆಡಬೇಕು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಬಣ್ಣ ಹಾಕಿಕೊಂಡು ಆಡಿದಿರಾ ಅಂತ. ತೆಗೆದು ಆಡಿ ನೋಡಿ. ಒಂದು ವಾರ ಕೈ ಕಟ್ಟಿದ ಹಾಗಾಗುತ್ತದೆ. ಆಮೇಲೆ ಕಣ್ಣು ಬಿಡುತ್ತದೆ.

ಚಿತ್ರದ ಬಗ್ಗೆಯೂ ದೂರುಗಳಿವೆ. ಇಷ್ಟೆಲ್ಲ ಕಷ್ಟಪಟ್ಟು ಕೊನೆಗೆ ಬಂದ ಚಿತ್ರ ಏನು ಅಂತಲೇ ಗೊತ್ತಾಗುವುದಿಲ್ಲ, ಹೆಸರು ಓದಿದ ಮೇಲೆ ಓಹೋ ಅನ್ನಬೇಕು ಅಂತ. 10ಕ್ಕೆ 10ರಲ್ಲಿ ನೂರೇ ಮನೆ, ಅದರಲ್ಲಿ ಎಷ್ಟು ಚೆಂದ ಬರೆಯಲು ಸಾಧ್ಯ? ನನಗೆ ಚಿತ್ರ ಬೇಕು, ಆದರೆ ಕೊನೆಗೆ ಮಾತ್ರ. ನಡುವೆ ಅದು ಕಾಣಿಸಿಕೊಂಡರೆ ಅಪಾಯ. ಇದು ಬೆಕ್ಕು ಅಂತ ಅನಿಸಿದ ಕೂಡಲೇ ಕೈ ತಾನಾಗಿ ಎರಡನೇ ಕಿವಿ ತುಂಬಲು ಹೋಗುತ್ತದೆ. ಎಡಕ್ಕೆ ಇದ್ದದ್ದು ಬಲಕ್ಕೂ ಇರಬೇಕು ಅಂತ ಮನಸ್ಸು ಹಟ ಹಿಡಿಯುತ್ತದೆ. ಆದರೆ ಬೆಕ್ಕು ಪಕ್ಕಕ್ಕೆ ತಿರುಗಿ ಕೂತಿರಬಹುದು. ಸಂಖ್ಯೆ ಹೇಳುವ ಮೊದಲೇ ಚಿತ್ರವನ್ನು ನಂಬಿ ನಾನು ಮಾಡಿದ ತಪ್ಪುಗಳಿಗೆ ಲೆಕ್ಕವಿಲ್ಲ.

ಮೆಗಾ ಪಿಕ್ರಾಸ್ ಅನ್ನುವುದು ಬೇರೆಯೇ ಪ್ರಾಣಿ. ಅಲ್ಲಿ ಒಂದು ಸಂಖ್ಯೆ ಪಕ್ಕಪಕ್ಕದ ಎರಡು ಸಾಲುಗಳಿಗೆ ಸೇರಿ ಅನ್ವಯಿಸುತ್ತದೆ. ನಾನು ಮೇಲೆ ಹೇಳಿದ ಎರಡು ತುದಿಯ ಲೆಕ್ಕ ಅಲ್ಲಿ ಹಾಗೇ ನಡೆಯುವುದಿಲ್ಲ. ಕೆಲವರು ಅದಕ್ಕೋಸ್ಕರವೇ ಆಟ ಕೊಳ್ಳುತ್ತಾರೆ. ಪಿಕ್ರಾಸ್ ಎಸ್‌ನಲ್ಲಿ ಅದಕ್ಕೂ ಸಾಮಾನ್ಯ ಒಗಟುಗಳ ಚಿತ್ರಗಳನ್ನೇ ಮತ್ತೆ ಬಳಸಿದ್ದು ಬೇಸರ ಅನ್ನುವವರೂ ಇದ್ದಾರೆ. ನನಗೆ ಮೆಗಾ ಇನ್ನೂ ಒಲಿದಿಲ್ಲ, ಹಾಗಾಗಿ ಅದರ ಮೇಲೆ ತೀರ್ಪು ಕೊಡುವುದಿಲ್ಲ.

ಮೌನದ ಪರವಾಗಿ ನನ್ನ ಹತ್ತಿರ ಇನ್ನೊಂದು ಮಾತಿದೆ. ಅದು ಆಡುವವರ ಬಗ್ಗೆ ಅಲ್ಲ, ಒಗಟು ಮಾಡುವವರ ಬಗ್ಗೆ. ಎರಡಕ್ಕೆ ಎರಡರ ಪುಟ್ಟ ಹಾಸು ತೆಗೆದುಕೊಳ್ಳಿ. ಎರಡೂ ಅಡ್ಡಸಾಲಿಗೆ 1, ಎರಡೂ ಕಂಬಸಾಲಿಗೆ 1. ಇದಕ್ಕೆ ಉತ್ತರ ಎರಡು. ಮೇಲಿನ ಎಡ ಮನೆ ಮತ್ತು ಕೆಳಗಿನ ಬಲ ಮನೆ ತುಂಬಬಹುದು. ಇಲ್ಲವೇ ಮೇಲಿನ ಬಲ, ಕೆಳಗಿನ ಎಡ. ಎರಡೂ ಸರಿ. ಯಾವುದು ಅಂತ ತರ್ಕದಿಂದ ಹೇಳಲು ಯಾರಿಗೂ ಸಾಧ್ಯವಿಲ್ಲ. ಒಳ್ಳೆಯ ಒಗಟಿನಲ್ಲಿ ಇಂಥ ಮೂಲೆ ಎಲ್ಲೂ ಇರಬಾರದು. ಆಟ ತಪ್ಪನ್ನು ಹೇಳುವುದಾದರೆ ಇಂಥ ಮೂಲೆ ಇದ್ದರೂ ಆಡುವವರು ದಾಟಿಬಿಡುತ್ತಾರೆ. ಒಂದನ್ನು ಒತ್ತುತ್ತಾರೆ, ಬೈಸಿಕೊಳ್ಳುತ್ತಾರೆ, ಇನ್ನೊಂದನ್ನು ಒತ್ತುತ್ತಾರೆ. ಮಾಡಿದವರ ಸೋಮಾರಿತನ ಮುಚ್ಚಿಹೋಗುತ್ತದೆ. ಆಟ ಸುಮ್ಮನಿರಬೇಕಾದರೆ ಒಗಟು ಪ್ರಾಮಾಣಿಕವಾಗಿರಲೇಬೇಕು. ಪ್ರತಿ ಮನೆಗೂ ಕಾರಣ ಇದೆ ಅಂತ ಮಾಡಿದವರು ಮೊದಲೇ ಮಾತು ಕೊಟ್ಟ ಹಾಗೆ.

ಆ ಮಾತು ಉಳಿಸಿಕೊಳ್ಳುವುದು ಸುಲಭವಲ್ಲ. ನಾನೋಗ್ರಾಮ್ ಎನ್‌ಪಿ-ಕಂಪ್ಲೀಟ್ ಅಂತ 1996ರಲ್ಲಿ ಉಎದಾ ಮತ್ತು ನಾಗಾವೊ ಎಂಬ ಸಂಶೋಧಕರು ತೋರಿಸಿಕೊಟ್ಟರು. ಸರಳವಾಗಿ ಹೇಳುವುದಾದರೆ, ಹಾಸು ದೊಡ್ಡದಾದ ಹಾಗೆ ಎಲ್ಲ ಒಗಟನ್ನೂ ಬೇಗ ಬಿಡಿಸುವ ಒಂದು ಉಪಾಯ ಯಾರಿಗೂ ಗೊತ್ತಿಲ್ಲ. ಅಂಥ ಕಾಡಿನಿಂದ ಒಬ್ಬ ಮನುಷ್ಯ ಒಂದೊಂದೇ ಸಾಲು ನೋಡುತ್ತಾ ನಡೆದು ದಾಟಬಹುದಾದ ದಾರಿಗಳನ್ನು ಮಾತ್ರ ಆರಿಸಿ ಕೊಡುವವರ ಕೆಲಸದ ಬಗ್ಗೆ ನನಗೆ ತುಂಬಾ ಗೌರವ ಇದೆ. ಪಿಕ್ರಾಸ್ 3ಡಿಯಂಥವನ್ನು ಬಿಟ್ಟರೆ ಗೇಮ್ ಬಾಯ್ ಕಾಲದಿಂದ ಸ್ವಿಚ್‌ವರೆಗೆ ಈ ಆಟಗಳನ್ನು ಮಾಡುತ್ತಾ ಬಂದಿರುವುದು ಮುಖ್ಯವಾಗಿ ಜುಪಿಟರ್ ಎಂಬ ಸಂಸ್ಥೆ. ಎಲ್ಲ ಆಟವೂ ಒಂದೇ ಥರ ಇರುತ್ತವೆ, ಹೊಸದೇನಿಲ್ಲ ಅಂತ ಜನ ಗೊಣಗುತ್ತಾರೆ. ನನ್ನ ಅನುಭವದಲ್ಲಿ ಆ ಒಗಟುಗಳಲ್ಲಿ ನಾನು ಊಹೆ ಮಾಡಲೇಬೇಕಾದ ಜಾಗ ಒಂದೂ ಸಿಕ್ಕಿಲ್ಲ. ಸಿಕ್ಕಿತು ಅಂದುಕೊಂಡಾಗಲೆಲ್ಲ ನಾನು ಎಲ್ಲೋ ಒಂದು ಸಾಲನ್ನು ಸರಿಯಾಗಿ ನೋಡಿರಲಿಲ್ಲ.

ಹುಡುಕಾಟದ ಬಗ್ಗೆ ಹೇಳದೆ ಇದನ್ನು ಮುಗಿಸಲಾರೆ. ಸುಮ್ಮನಿರುವ ಆಟದಲ್ಲಿ ತಪ್ಪು ಬಯಲಿಗೆ ಬರುವುದು ಒಂದು ಜಗಳದ ರೂಪದಲ್ಲಿ. ಅಡ್ಡಸಾಲು ಇನ್ನೊಂದು ಮನೆ ಬೇಕು ಅನ್ನುತ್ತದೆ. ಅದೇ ಮನೆಯ ಮೇಲೆ ಹಾದುಹೋಗುವ ಕಂಬಸಾಲು ನನ್ನದು ಆಗಲೇ ತುಂಬಿತು, ಜಾಗ ಇಲ್ಲ ಅನ್ನುತ್ತದೆ. ಹೊಸದಾಗಿ ಆಡುವವರು ಆ ಜಗಳದ ಜಾಗದಲ್ಲೇ ತಪ್ಪು ಹುಡುಕುತ್ತಾರೆ. ಅಲ್ಲಿ ಇರುವುದು ಅಪರೂಪ. ಜಗಳ ಕಾಣುವುದು ಒಂದು ಕಡೆ, ತಪ್ಪು ಕೂತಿರುವುದು ಇನ್ನೊಂದು ಕಡೆ. ಒಂದು ತಪ್ಪು ಮನೆಯನ್ನು ನಂಬಿ ನಾನು ಇನ್ನೊಂದನ್ನು ತುಂಬಿರುತ್ತೇನೆ, ಅದನ್ನು ನಂಬಿ ಮತ್ತೊಂದನ್ನು. ಎಲ್ಲವೂ ಸರಿಯಾದ ತರ್ಕವೇ, ಬುಡ ಮಾತ್ರ ತಪ್ಪು.

ಹಿಂದೆ ಹೋಗುತ್ತಾ ಹೋಗುತ್ತಾ ನನ್ನ ತಪ್ಪುಗಳ ಗುಣ ನನಗೆ ಪರಿಚಯವಾಯಿತು. ಹತ್ತು ದಾಟಿದ ಸಂಖ್ಯೆಗಳಲ್ಲಿ ನಾನು ಒಂದು ಮನೆ ಜಾಸ್ತಿ ಎಣಿಸುತ್ತೇನೆ. ಪಕ್ಕಪಕ್ಕದ ಎರಡು ಕಂಬಸಾಲಿನ ಸಂಖ್ಯೆಗಳು ಹತ್ತಿರ ಇದ್ದರೆ ಒಂದರದ್ದನ್ನು ಇನ್ನೊಂದಕ್ಕೆ ಓದುತ್ತೇನೆ. ಸುಸ್ತಾದಾಗ ಎಡಬಲ ಒಂದೇ ಥರ ಇರುತ್ತದೆ ಅಂತ ನಂಬುತ್ತೇನೆ. ತಕ್ಷಣ ತಪ್ಪು ಹೇಳುವ ಆಟದಲ್ಲಿ ನೂರಾರು ಸಲ ಇವೇ ತಪ್ಪು ಮಾಡಿದ್ದೆ, ಒಂದನ್ನೂ ಗುರುತು ಹಿಡಿದಿರಲಿಲ್ಲ. ಸದ್ದು ಬಂತು, ಮನೆ ಸರಿಹೋಯಿತು, ಮುಂದೆ ಹೋದೆ. ಯಾಕೆ ತಪ್ಪಿತು ಅಂತ ನಿಂತು ನೋಡಲು ನನಗೆ ಕಾರಣವೇ ಇರಲಿಲ್ಲ.

ಕಳೆದ ವಾರ ನಾನು ಮತ್ತೆ ಹಳೆಯ ಡಿಎಸ್ ತೆಗೆದಿದ್ದೆ. ಫ್ರೀ ಮೋಡ್‌ನಲ್ಲಿ 25ಕ್ಕೆ 20ರ ಒಂದು ಒಗಟು, ಐನೂರು ಮನೆ. ಎರಡು ಸಂಜೆಯಿಂದ ಅದು ಜಗಳದಲ್ಲಿ ನಿಂತಿತ್ತು. ಹನ್ನೊಂದನೇ ಅಡ್ಡಸಾಲಿಗೆ ಒಂದು ಮನೆ ಬೇಕು, ಹದಿನೇಳನೇ ಕಂಬಸಾಲು ಬಿಡುತ್ತಿಲ್ಲ. ಮುಚ್ಚಳ ಮುಚ್ಚಿದರೆ ಡಿಎಸ್ ನಿದ್ದೆ ಹೋಗುತ್ತದೆ, ತೆರೆದರೆ ಅದೇ ಜಗಳ ಎದುರಿಗೆ. ಅಳಿಸಿ ಶುರು ಮಾಡಲು ಮನಸ್ಸಿರಲಿಲ್ಲ.

ಅಕ್ಕ ಬಂದವಳು ಪಕ್ಕದಲ್ಲಿ ಕೂತು ನೋಡಿದಳು. "ಹೇಳೋ ಆಟ ಆಗಿದ್ದರೆ ಮೊನ್ನೆನೇ ಮುಗೀತಿತ್ತು," ಅಂದಳು. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ, "ತಾ, ನಾನು ನಂಬರ್ ಓದ್ತೀನಿ, ನೀನು ಎಣಿಸು," ಅಂದಳು.

ಮೊದಲ ಕಂಬಸಾಲಿನಿಂದ ಶುರು ಮಾಡಿದೆವು. ಅವಳು ಓದುತ್ತಾಳೆ, ನಾನು ಕಪ್ಪು ಮನೆಗಳ ಮೇಲೆ ಕಡ್ಡಿ ತಾಗಿಸದೆ, ಗಾಳಿಯಲ್ಲೇ ಆಡಿಸುತ್ತಾ ಗಟ್ಟಿಯಾಗಿ ಎಣಿಸುತ್ತೇನೆ. ಎರಡು ಕಂಬಸಾಲು ಸರಿಯಾಗಿತ್ತು. ಮೂರನೆಯದೂ ಸರಿ. ನಾಲ್ಕನೆಯದರಲ್ಲಿ ಅವಳು "ಎರಡು, ಆರು, ಮೂರು" ಅಂದಳು. ನಾನು ಎರಡು ಎಣಿಸಿ, ಮುಂದಿನ ಗುಂಪನ್ನು ಎಣಿಸುತ್ತಾ ಏಳು ಅಂದೆ.

"ಆರು ಕಣೋ," ಅಂದಳು.

ಮತ್ತೆ ಎಣಿಸಿದೆ. ಏಳೇ ಇತ್ತು. ಆ ಏಳನೇ ಮನೆಯನ್ನು ಅಳಿಸಿ, ಅದನ್ನು ನಂಬಿ ಏನೇನು ತುಂಬಿದ್ದೆ ಅಂತ ಇಬ್ಬರೂ ಬಲಗಡೆಗೆ ನೋಡತೊಡಗಿದೆವು.